ಘಾಟಿ ದಾರಿಗಳು: ನೋಡುವ ಕಾಲ, ನಡೆಯುವ ಕಾಲ

ಕರ್ನಾಟಕದ ಕರಾವಳಿಗೂ ಒಳನಾಡಿಗೂ ನಡುವೆ ಗೋಡೆಯಾಗಿ ನಿಂತಿರುವ ಸಹ್ಯಾದ್ರಿಯನ್ನು ದಾಟಲು ಉತ್ತರದಲ್ಲಿ ಕಾರವಾರದಿಂದ ಜೋಯಿಡಾಕ್ಕೆ ಏರುವ ಅಣಶಿಯಿಂದ ಹಿಡಿದು ದಕ್ಷಿಣದಲ್ಲಿ ಸುಳ್ಯದಿಂದ ಮಡಿಕೇರಿಗೆ ಹತ್ತುವ ಸಂಪಾಜೆಯವರೆಗೆ ಹತ್ತಾರು ಘಾಟಿ ದಾರಿಗಳಿವೆ. ಅಂಕೋಲಾ ಮತ್ತು ಯಲ್ಲಾಪುರಗಳ ನಡುವಿನ ಅರಬೈಲು, ಕುಮಟಾ ಮತ್ತು ಶಿರಸಿಗಳ ನಡುವಿನ ದೇವಿಮನೆ, ಹೊನ್ನಾವರದಿಂದ ಜೋಗದ ಕಡೆಗೆ ಸಾಗುವ ಗೇರುಸೊಪ್ಪೆ, ಮುಂದೆ ಕೊಲ್ಲೂರು, ಹುಲಿಕಲ್, ಆಗುಂಬೆ, ಕುದುರೆಮುಖ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಹೀಗೆ ಒಂದೊಂದು ಘಾಟಿಯೂ ತನ್ನದೇ ಕಾಡು, ಹೊಳೆ, ಮಳೆ ಮತ್ತು ಊಟದ ಪದ್ಧತಿಯನ್ನು ಹೊಂದಿದೆ. ಇವುಗಳಲ್ಲಿ ಕೆಲವು ಲಾರಿ, ಬಸ್ಸುಗಳ ನಿತ್ಯದ ಹಾದಿಗಳಾದರೆ ಇನ್ನು ಕೆಲವು ಬಹುಮಟ್ಟಿಗೆ ಸುತ್ತಾಟಕ್ಕೆ ಬರುವವರ ಹಾದಿಗಳಾಗಿವೆ.

ವಾರಾಂತ್ಯ ಬಂತೆಂದರೆ ಬೆಂಗಳೂರಿನ ಕಡೆಯಿಂದಲೂ ಮಂಗಳೂರಿನ ಕಡೆಯಿಂದಲೂ ಹೊರಟ ಕಾರು, ಬೈಕುಗಳ ಸಾಲು ಈ ಘಟ್ಟಗಳನ್ನು ಮುತ್ತುತ್ತದೆ. ಹೀಗೆ ಬರುವವರಲ್ಲಿ ಹೆಚ್ಚಿನವರು ದಾರಿಯ ಸೊಬಗು, ಜಲಪಾತ, ಬೆಟ್ಟದ ಚಾರಣ, ಹೊಳೆಯ ಆಟ ಇವೆಲ್ಲವನ್ನೂ ಎರಡು ದಿನಗಳೊಳಗೆ ಮುಗಿಸಿಕೊಂಡು ಮರಳಬೇಕೆಂಬ ಲೆಕ್ಕಾಚಾರದಲ್ಲಿರುತ್ತಾರೆ. ಸಹ್ಯಾದ್ರಿ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಇಲ್ಲಿ ವಾಹನದಲ್ಲಿ ಸಾಗುತ್ತ ನೋಡುವುದಕ್ಕೆ ಒಂದು ಕಾಲವಿದೆ, ಇಳಿದು ನಡೆಯುವುದಕ್ಕೆ ಇನ್ನೊಂದು ಕಾಲವಿದೆ. ಎರಡನ್ನೂ ಕಲಸಿ ಹೊರಟವರಿಗೆ ಸಾಮಾನ್ಯವಾಗಿ ದೊರೆಯುವುದು ನಿರಾಸೆ, ಒಮ್ಮೊಮ್ಮೆ ಅಪಾಯ.

ಇದು ಏಕೆ ಹೀಗೆ ಎಂಬುದನ್ನು ತಿಳಿಯಲು ಈ ಬೆಟ್ಟಸಾಲಿನ ಆಕಾರವನ್ನು ಮೊದಲು ಗಮನಿಸಬೇಕಾಗುತ್ತದೆ. ಹೆಸರಿಗೆ ಬೆಟ್ಟಸಾಲಾದರೂ ಸಹ್ಯಾದ್ರಿ ಹಿಮಾಲಯದಂತೆ ನೆಲ ಮಡಿಚಿ ಎದ್ದುದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಬಳಿಕ ಪ್ರಸ್ಥಭೂಮಿಯ ಪಶ್ಚಿಮದ ಅಂಚು ಮಳೆಗೂ ಹೊಳೆಗಳಿಗೂ ಸವೆದು ಸವೆದು ಉಳಿದ ಕಡಿದಾದ ಮುಖವಿದು ಎಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಆದಕಾರಣ ಪೂರ್ವದಿಂದ ಬರುವವನಿಗೆ ಬೆಟ್ಟ ಬಂದುದೇ ತಿಳಿಯುವುದಿಲ್ಲ. ಗದ್ದೆ, ಅಡಿಕೆ ತೋಟ, ಕಾಫಿ ತೋಟಗಳ ನಡುವೆ ಏರಿಳಿಯುತ್ತ ಬಂದ ರಸ್ತೆ ಇದ್ದಕ್ಕಿದ್ದಂತೆ ಒಂದು ತಿರುವಿನಲ್ಲಿ ನೆಲವನ್ನೇ ಕಳೆದುಕೊಂಡು ಕೆಳಗೆ ಕರಾವಳಿಯ ಹಸಿರನ್ನು ತೋರಿಸುತ್ತದೆ. ಪಶ್ಚಿಮದಿಂದ ಹೊರಟವನಿಗೆ ಮಾತ್ರ ಬೆಟ್ಟ ದೂರದಿಂದಲೇ ಗೋಡೆಯಾಗಿ ಕಾಣುತ್ತದೆ. ಅರಬ್ಬಿ ಸಮುದ್ರದ ಮೇಲಿಂದ ಬರುವ ನೈರುತ್ಯ ಮಾರುತವೂ ಇದೇ ಗೋಡೆಗೆ ಎದುರಾಗಿ ಮೇಲೇರಿ ತಂಪಾಗಿ ತನ್ನ ನೀರನ್ನೆಲ್ಲ ಅಂಚಿನಲ್ಲಿ ಸುರಿದುಬಿಡುವುದರಿಂದ ಆಗುಂಬೆಯಂಥ ಊರಿಗೆ ವರ್ಷಕ್ಕೆ 7,000 ಮಿಲಿಮೀಟರನ್ನೂ ಮೀರಿ ಮಳೆ ಬೀಳುತ್ತದೆ. ಅಲ್ಲಿಂದ ಪೂರ್ವಕ್ಕೆ ಕೆಲವೇ ಗಂಟೆಗಳ ಪ್ರಯಾಣದ ದೂರದಲ್ಲಿರುವ ಚಿತ್ರದುರ್ಗದ ಬಯಲಿಗೆ 600 ಮಿಲಿಮೀಟರಿನ ಸುತ್ತಮುತ್ತ ಬಂದರೆ ರೈತರು ಒಳ್ಳೆಯ ವರ್ಷವೆನ್ನುತ್ತಾರೆ. ದಾರಿಯ ಚೆಲುವೂ ದಾರಿಯ ಕುಸಿತವೂ ಈ ಒಂದೇ ಮಳೆಯಿಂದ ಹುಟ್ಟುವಂಥವು.

ಇಂಥ ಕಡಿದಾದ ಮುಖದ ಮೇಲೆ ರಸ್ತೆಯನ್ನು ಹತ್ತಿಸುವುದು ಮೂಲತಃ ಇಳಿಜಾರಿನ ಲೆಕ್ಕ. ಬೆಟ್ಟದ ರಸ್ತೆಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ನಿಗದಿಪಡಿಸಿರುವ ಮಾನದಂಡದ ಪ್ರಕಾರ 20 ಮೀಟರ್ ಮುಂದೆ ಸಾಗಿದಾಗ 1 ಮೀಟರ್ ಮೇಲೇರುವುದು ಸಾಮಾನ್ಯ ಏರು. ಅಂದರೆ 500 ಮೀಟರ್ ಎತ್ತರವನ್ನು ಗಳಿಸಲು 10 ಕಿಲೋಮೀಟರ್ ರಸ್ತೆ ಬೇಕು. ಬೆಟ್ಟದ ಮುಖದಲ್ಲಿ ಅಷ್ಟು ಉದ್ದಕ್ಕೆ ನೇರ ಜಾಗವಿಲ್ಲದಿರುವುದರಿಂದ ರಸ್ತೆಯನ್ನು ಮಡಿಸಿ ಮಡಿಸಿ ಇಡಬೇಕಾಗುತ್ತದೆ, ಆ ಮಡಿಕೆಗಳೇ ಹೇರ್‌ಪಿನ್ ತಿರುವುಗಳು. ತಿರುವಿನಲ್ಲಿ ವಾಹನವು ಚಕ್ರ ತಿರುಗಿಸುವುದಕ್ಕೂ ಏರುವುದಕ್ಕೂ ಒಟ್ಟಿಗೆ ಶಕ್ತಿ ಕೊಡಬೇಕಾಗಿ ಬರುವುದರಿಂದ ಅಲ್ಲಿ ಏರನ್ನು 40ಕ್ಕೆ 1ರಷ್ಟಕ್ಕೆ ತಗ್ಗಿಸಬೇಕೆಂಬ ನಿಯಮವೂ ಇದೆ. ಒಳ್ಳೆಯ ಘಾಟಿಯಲ್ಲಿ ಏರು ತಿರುವಿಗೆ ಬಂದಾಗ ಗಾಡಿಗೆ ಒಂದು ಗಳಿಗೆ ಉಸಿರು ಸಿಕ್ಕಂತಾಗುವುದು ಈ ಕಾರಣದಿಂದ. ಹಳೆಯ ಘಾಟಿಗಳು ಮಾತ್ರ ಈ ಲೆಕ್ಕಗಳಿಗಿಂತ ಮೊದಲಿನವು. ಉಪ್ಪು, ಒಣಮೀನು, ತೆಂಗಿನಕಾಯಿಗಳನ್ನು ಮೇಲಕ್ಕೂ ಅಕ್ಕಿ, ಕಾಳುಮೆಣಸು, ಅಡಿಕೆಗಳನ್ನು ಬಂದರಿನ ಕಡೆಗೂ ಹೊತ್ತು ಸಾಗುತ್ತಿದ್ದ ಹೇರೆತ್ತುಗಳ ಜಾಡು ಹಿಡಿದು ಅವು ಬೆಳೆದವು.

ಆಗುಂಬೆ ಈ ವರ್ಗಕ್ಕೆ ಒಳ್ಳೆಯ ಉದಾಹರಣೆ. ಉಡುಪಿಯಿಂದ ಹೆಬ್ರಿಯ ಮೂಲಕ ಬಂದ ರಸ್ತೆ ಸೋಮೇಶ್ವರದ ತಪಾಸಣಾ ಠಾಣೆಯನ್ನು ದಾಟಿದೊಡನೆ ಕಾಡಿಗೆ ನುಗ್ಗಿ, ಒಂದರ ಮೇಲೊಂದು ಜೋಡಿಸಿದಂತಿರುವ 14 ಹೇರ್‌ಪಿನ್ ತಿರುವುಗಳಲ್ಲಿ ಮೇಲೇರಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಯನ್ನು ಮುಟ್ಟುತ್ತದೆ. ಕೆಲವು ತಿರುವುಗಳು ಎಷ್ಟು ಇಕ್ಕಟ್ಟೆಂದರೆ ಕೆಳಗಿನಿಂದ ಬರುವ ಬಸ್ಸಿನ ಮೂತಿ ಬಲಬದಿಯ ಅಂಚಿನವರೆಗೆ ಹೋಗಿ ತಿರುಗಬೇಕು. ಅದಕ್ಕೆಂದೇ ಇಲ್ಲಿ ಓಡುವ ಬಸ್ಸುಗಳು ಗಾತ್ರದಲ್ಲಿ ಚಿಕ್ಕವು, ಭಾರೀ ವಾಹನಗಳಿಗೆ ಪ್ರವೇಶವಿಲ್ಲ. ಮೇಲೆ ಬಂದೊಡನೆ ಸಿಗುವ ಸೂರ್ಯಾಸ್ತದ ಕಟ್ಟೆಗೆ ಜನ ಮುಗಿಬೀಳುತ್ತಾರೆ. ನಿಜ ಹೇಳಬೇಕೆಂದರೆ ವರ್ಷದ ಹೆಚ್ಚು ದಿನ ಅಲ್ಲಿ ಸೂರ್ಯ ಮೋಡದೊಳಗೇ ಮುಳುಗುತ್ತಾನೆ. ನವೆಂಬರಿನಿಂದ ಜನವರಿಯವರೆಗಿನ ತಿಳಿಯಾದ ಸಂಜೆಗಳಲ್ಲಿ ದೂರದ ಅರಬ್ಬಿ ಸಮುದ್ರದ ಹೊಳಪು ಕಾಣುವುದುಂಟು. ಆದರೆ ಆಗುಂಬೆಯ ನಿಜವಾದ ಸಂಪತ್ತಿರುವುದು ಅದರ ಕಾಡಿನಲ್ಲಿ. ಕಾಳಿಂಗ ಸರ್ಪದ ಅಧ್ಯಯನಕ್ಕಾಗಿ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಇಲ್ಲಿ ಸ್ಥಾಪಿಸಿದ್ದು ಆ ಕಾರಣಕ್ಕೇ. ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಯ ಚಿತ್ರೀಕರಣ ನಡೆದುದೂ ಇದೇ ಊರಿನ ಬೀದಿಗಳಲ್ಲಿ.

ಘಾಟಿಯಲ್ಲಿ ವಾಹನ ನಡೆಸುವ ಬಗೆಯನ್ನು ಕುರಿತು ಇಲ್ಲಿ ಕೊಂಚ ವಿಸ್ತಾರವಾಗಿ ಹೇಳುವುದು ಅಗತ್ಯ, ಏಕೆಂದರೆ ಬಯಲಿನಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದವರೂ ಎಡವುವುದು ಇಳಿಯುವಾಗ. ಹಳೆಯ ಚಾಲಕರಲ್ಲಿ ಒಂದು ನಿಯಮವಿದೆ: ಯಾವ ಗೇರಿನಲ್ಲಿ ಘಾಟಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಕೆಳಗಿನ ಗೇರಿನಲ್ಲಿರುವಾಗ ಚಕ್ರಗಳು ಎಂಜಿನ್ನನ್ನು ಬಲವಂತವಾಗಿ ತಿರುಗಿಸಬೇಕಾಗಿ ಬಂದು ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ಎಂಜಿನ್ ಬ್ರೇಕಿಂಗ್ ಎಂದು ಹೆಸರು. ಇದನ್ನು ಬಿಟ್ಟು ಮೇಲಿನ ಗೇರಿನಲ್ಲಿ, ಅದಕ್ಕಿಂತ ಕೆಟ್ಟದಾಗಿ ಪೆಟ್ರೋಲು ಉಳಿಯುತ್ತದೆಂಬ ಆಸೆಯಿಂದ ನ್ಯೂಟ್ರಲ್‌ಗೆ ಹಾಕಿ, ಕಾಲನ್ನು ಬ್ರೇಕಿನ ಮೇಲೇ ಇಟ್ಟು ಇಳಿದರೆ ಬ್ರೇಕಿನ ತಟ್ಟೆಯೂ ಪ್ಯಾಡುಗಳೂ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಸುಟ್ಟ ವಾಸನೆ ಮೂಗಿಗೆ ಬಡಿಯುವುದು, ಪೆಡಲ್ ಒತ್ತಿದಷ್ಟೂ ಒಳಗೆ ಹೋಗುವುದು ಇದರ ಮುನ್ಸೂಚನೆಗಳು. ಆಗ ಮಾಡಬೇಕಾದುದು ಒಂದೇ: ರಸ್ತೆ ಅಗಲವಾಗಿರುವಲ್ಲಿ ಗಾಡಿಯನ್ನು ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕು ತಾನಾಗಿ ತಣಿಯುವವರೆಗೆ ಕಾಯುವುದು. ಕಾದ ಬ್ರೇಕಿನ ಮೇಲೆ ನೀರು ಸುರಿಯುವುದು ತಪ್ಪು. ತಟ್ಟೆ ಸೊಟ್ಟಗಾಗಬಹುದು, ಸೀಳಲೂಬಹುದು.

ಇಕ್ಕಟ್ಟಾದ ಏರಿನಲ್ಲಿ ಎದುರುಬದುರಾದಾಗ ಮೊದಲು ಹೋಗುವ ಹಕ್ಕು ಹತ್ತುತ್ತಿರುವ ವಾಹನದ್ದು ಎಂಬುದು ಸಂಪ್ರದಾಯ ಮಾತ್ರವಲ್ಲ, 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಬರೆದಿರುವ ಕಾನೂನು. ಇಳಿಯುತ್ತಿರುವವನು ಬದಿಗೆ ಸರಿದು ನಿಲ್ಲಬೇಕು, ಏಕೆಂದರೆ ಏರಿನಲ್ಲಿ ನಿಂತ ತುಂಬಿದ ಗಾಡಿ ಮತ್ತೆ ಹೊರಡುವುದು ಕಷ್ಟ. ಮಂಜು ಕವಿದಾಗ ಹೆಡ್‌ಲೈಟಿನ ಮೇಲ್ಬೆಳಕನ್ನು ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ತಾಗಿ ಕಣ್ಣಿಗೇ ಮರಳುತ್ತದೆ; ಕೆಳಬೆಳಕಿನಲ್ಲಿ ರಸ್ತೆಯಂಚಿನ ಬಿಳಿ ಗೆರೆಯನ್ನು ಹಿಡಿದು ಸಾಗುವುದೇ ಸರಿಯಾದ ಕ್ರಮ. ಎರಡೂ ಬದಿಯ ಇಂಡಿಕೇಟರುಗಳನ್ನು ಮಿನುಗಿಸುತ್ತ ಓಡಿಸುವ ಈಚಿನ ರೂಢಿಯಂತೂ ತೀರ ಅನರ್ಥಕಾರಿ. ಹಿಂದಿನವನಿಗೆ ಆ ಗಾಡಿ ನಿಂತಿದೆಯೋ ಸಾಗುತ್ತಿದೆಯೋ, ಎಡಕ್ಕೆ ಹೊರಳುತ್ತದೆಯೋ ಬಲಕ್ಕೆ ಹೊರಳುತ್ತದೆಯೋ ಒಂದೂ ತಿಳಿಯದಾಗುತ್ತದೆ.

ಇನ್ನು ಕಾಲದ ವಿಚಾರ. ಘಾಟಿ ದಾರಿಯ ಸೊಬಗು ತುಂಬಿ ನಿಲ್ಲುವುದು ಮಳೆಗಾಲದಲ್ಲಿ ಎಂಬುದರಲ್ಲಿ ಎರಡು ಮಾತಿಲ್ಲ. ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗೆ ಇಳಿಯುವ ಚಾರ್ಮಾಡಿಯಲ್ಲಿ ಬೇಸಗೆಯಲ್ಲಿ ಬರಿಯ ಬಂಡೆಯಾಗಿದ್ದ ಗೋಡೆಗಳಿಂದ ಜುಲೈ ಹೊತ್ತಿಗೆ ಲೆಕ್ಕವಿಲ್ಲದ ಝರಿಗಳು ನೇರ ರಸ್ತೆಯ ಪಕ್ಕಕ್ಕೇ ಧುಮುಕುತ್ತವೆ, ಎದುರಿನ ಬೆಟ್ಟಗಳ ಮೈಮೇಲೆ ಬಿಳಿಯ ಗೆರೆಗಳು ಮೂಡುತ್ತವೆ, ಕಣಿವೆಯಿಂದ ಏರುವ ಮೋಡ ರಸ್ತೆಯನ್ನು ಅಡ್ಡ ಹಾದು ಹೋಗುತ್ತದೆ. ಕೊಟ್ಟಿಗೆಹಾರದ ಸಣ್ಣ ಹೋಟೆಲುಗಳಲ್ಲಿ ಕಾವಲಿಯಿಂದ ಆಗಷ್ಟೇ ಎತ್ತಿದ ನೀರುದೋಸೆಯ ಹಬೆ ಈ ಮಂಜಿನೊಂದಿಗೆ ಬೆರೆಯುತ್ತದೆ. ಘಾಟಿ ಇಳಿಯುವ ಮುನ್ನ ಅಲ್ಲಿ ನೀರುದೋಸೆ ತಿನ್ನದೆ ಹೋಗುವವರು ವಿರಳ. ಆದರೆ ಇದೇ ಚಾರ್ಮಾಡಿಯಲ್ಲಿ 2019ರ ಆಗಸ್ಟಿನಲ್ಲಿ ಹಲವು ಕಡೆ ಗುಡ್ಡ ಕುಸಿದು ಸಂಚಾರ ನಿಂತುಹೋಯಿತು, ತೆರೆದ ಮೇಲೂ ಭಾರೀ ವಾಹನಗಳಿಗೆ ಬಹುಕಾಲ ನಿಷೇಧವಿತ್ತು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಮಡಿಕೇರಿ ಮತ್ತು ಸಂಪಾಜೆಗಳ ನಡುವಿನ ಜೋಡುಪಾಲದಂಥ ಊರುಗಳ ಮೇಲೆ ಬೆಟ್ಟವೇ ಹರಿದು ಬಂತು. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡವು ಹೆದ್ದಾರಿಯ ಬದಿಯ ಚಹಾದಂಗಡಿಯನ್ನೂ ಅದರ ಬಳಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ಹೊಳೆಗೆ ತಳ್ಳಿತು.

ಇವೆಲ್ಲವುಗಳ ಹಿಂದಿನ ಕ್ರಿಯೆ ಒಂದೇ. ಈ ಬೆಟ್ಟಗಳ ಗಟ್ಟಿ ಶಿಲೆಯ ಮೇಲೆ ಯುಗಗಳ ಬಿಸಿಲು ಮಳೆಗಳಿಂದ ಕೊಳೆತು ಮೆತ್ತಗಾದ ಕೆಮ್ಮಣ್ಣಿನ ದಪ್ಪ ಪದರವಿದೆ. ಎಡೆಬಿಡದೆ ದಿನಗಟ್ಟಲೆ ಮಳೆ ಬಿದ್ದಾಗ ನೀರು ಮಣ್ಣಿನೊಳಗೆ ಇಳಿದು ಶಿಲೆಯ ಮೇಲ್ಮೈಯಲ್ಲಿ ತಡೆದು ನಿಲ್ಲುತ್ತದೆ, ಆ ಒತ್ತಡಕ್ಕೆ ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲಗೊಳ್ಳುತ್ತದೆ. ಇಳಿಜಾರಿನ ಬುಡವನ್ನು ರಸ್ತೆ ಅಗಲಿಸಲೆಂದು ಕಡಿದಿದ್ದರೆ ಮೇಲಿನ ಮಣ್ಣಿಗೆ ಆಸರೆಯೇ ಇಲ್ಲದಾಗಿ ಅದು ಜಾರಿ ಬೀಳುತ್ತದೆ. ಆದ್ದರಿಂದ ಮಳೆಗಾಲದ ಪ್ರವಾಸಿಗೆ ಹೇಳಬೇಕಾದ ಮೊದಲ ಮಾತು, ಹೊಸದಾಗಿ ಕಡಿದ ಕೆಂಪು ಗೋಡೆಯ ಅಡಿಯಲ್ಲಿ ಗಾಡಿ ನಿಲ್ಲಿಸಬಾರದು, ಅಲ್ಲಿ ಎಷ್ಟೇ ಚೆಂದದ ಝರಿ ಇದ್ದರೂ ಸರಿಯೇ. ಎರಡನೆಯದು, ಜುಲೈ ಮತ್ತು ಆಗಸ್ಟಿನ ಮೊದಲ ಭಾಗವನ್ನು ಬಿಟ್ಟು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗಿನ ದಿನಗಳನ್ನು ಆರಿಸಿಕೊಳ್ಳುವುದು ಜಾಣತನ. ಆಗ ಜಲಪಾತಗಳು ಇನ್ನೂ ತುಂಬಿರುತ್ತವೆ, ಹುಲ್ಲು ಎಳೆಯದಾಗಿರುತ್ತದೆ, ಮಳೆ ನಡುನಡುವೆ ಬಿಡುವು ಕೊಡುವುದರಿಂದ ಮಂಜು ಸರಿದು ಕಣಿವೆ ಕಾಣಿಸುತ್ತದೆ. ತುಂಬು ಜುಲೈಯಲ್ಲಿ ಜೋಗಕ್ಕೆ ಹೋದವರಲ್ಲಿ ಅನೇಕರು 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯ ಸದ್ದನ್ನಷ್ಟೇ ಕೇಳಿ, ಕಣ್ಣೆದುರಿನ ಬಿಳಿಯ ಮಂಜನ್ನು ನೋಡಿ ಹಿಂದಿರುಗುತ್ತಾರೆ.

ವಾಹನದಲ್ಲಿ ಕುಳಿತೇ ನೋಡಬೇಕಾದ ದಾರಿಗಳಲ್ಲಿ ಕುದುರೆಮುಖದ ದಾರಿಗೆ ಮೊದಲ ಸ್ಥಾನ ಕೊಡಬೇಕು. ಕಾರ್ಕಳದಿಂದ ಬಜಗೋಳಿ, ಮಾಳಗಳ ಮೂಲಕ ಹತ್ತಿ, ಎಸ್.ಕೆ. ಬಾರ್ಡರ್ ಎಂದು ಜನ ಕರೆಯುವ ಜಿಲ್ಲೆಗಳ ಗಡಿಯನ್ನು ದಾಟಿ, ಕುದುರೆಮುಖ ಪಟ್ಟಣವನ್ನು ಹಾದು ಕಳಸಕ್ಕೆ ತಲುಪುವ ಈ ರಸ್ತೆಯ ಬಹುಭಾಗ 1987ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನದ ಒಳಗಿದೆ. ಮಾಳದ ಕಡೆಯಿಂದ ಏರುವಾಗ ಮೊದಲು ಬೆಳಕು ನೆಲ ಮುಟ್ಟದಷ್ಟು ದಟ್ಟವಾದ ನಿತ್ಯಹರಿದ್ವರ್ಣದ ಕಾಡು, ಅಂದರೆ ವರ್ಷವಿಡೀ ಎಲೆ ಉದುರಿಸಿ ಬರಿದಾಗದ ಕಾಡು. ಗಡಿ ದಾಟಿದ ಮೇಲೆ ನೋಟ ಪೂರ್ತಿ ಬದಲಾಗುತ್ತದೆ: ಎತ್ತ ನೋಡಿದರೂ ಹುಲ್ಲು ಹೊದ್ದ ದುಂಡನೆಯ ಬೋಳುಗುಡ್ಡಗಳು, ಎರಡು ಗುಡ್ಡಗಳು ಸೇರುವ ತಗ್ಗಿನಲ್ಲಿ ಮಾತ್ರ ಕಡು ಹಸಿರಿನ ಮರಗಳ ಗುಂಪು. ಈ ತಗ್ಗಿನ ಕಾಡಿಗೆ ಶೋಲಾ ಎಂದು ಹೆಸರು. ಗುಡ್ಡದ ನೆತ್ತಿಯಲ್ಲಿ ಗಾಳಿ ಬಿರುಸು, ಮಣ್ಣು ತೆಳು, ಆದುದರಿಂದ ಅಲ್ಲಿ ಹುಲ್ಲು. ತಗ್ಗಿನಲ್ಲಿ ಮಣ್ಣೂ ನೀರೂ ನಿಲ್ಲುತ್ತವೆ, ಗಾಳಿಯ ಹೊಡೆತ ಕಡಿಮೆ, ಆದುದರಿಂದ ಅಲ್ಲಿ ಮರ. ಮಳೆಯ ನೀರನ್ನು ಹುಲ್ಲಿನ ಬೇರುಗಳು ಹೀರಿ ಶೋಲೆಗೆ ಇಳಿಸುತ್ತವೆ, ಶೋಲೆ ಅದನ್ನು ಬೇಸಗೆಯುದ್ದಕ್ಕೂ ತೊರೆಗಳಿಗೆ ಬಿಡುತ್ತದೆ. ತುಂಗಾ, ಭದ್ರಾ ನದಿಗಳು ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ನೋಡಲು ಬೋಳಾಗಿ ಕಾಣುವ ಈ ಹುಲ್ಲುಗಾವಲನ್ನು ಬಂಜರೆಂದು ಬಗೆದು ಅಕೇಶಿಯಾ ನೆಟ್ಟ ಕಾಲವೊಂದಿತ್ತು. ಅದರ ಗುರುತುಗಳು ಕುದುರೆಮುಖ ಪಟ್ಟಣದ ಸುತ್ತ ಇಂದಿಗೂ ಕಾಣಸಿಗುತ್ತವೆ.

ಆ ಪಟ್ಟಣದ ಕಥೆ ಈ ದಾರಿಯ ಮೇಲೆ ಹೋಗುವವರು ಅರಿತಿರಬೇಕಾದುದು. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಇರಾನಿಗೆ ಅದಿರು ಕಳಿಸುವ ಒಪ್ಪಂದದ ಬಲದ ಮೇಲೆ ಗಣಿ, ಪಟ್ಟಣ, ರಸ್ತೆಗಳನ್ನು ಕಟ್ಟಿತು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಲಾಗುತ್ತಿತ್ತು, ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಲಾಗುತ್ತಿತ್ತು. ಭದ್ರೆಗೆ ಸೇರುತ್ತಿದ್ದ ಹೂಳು, ಕಾಡಿಗೆ ಒದಗಿದ ಹಾನಿಗಳ ವಿರುದ್ಧ ನಡೆದ ದೀರ್ಘ ಹೋರಾಟದ ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ಗಣಿ ಮುಚ್ಚಿತು. ಇಂದು ಆ ರಸ್ತೆಯಲ್ಲಿ ಸಾಗುವವರಿಗೆ ಪಾಳುಬಿದ್ದ ವಸತಿಗೃಹಗಳ ಸಾಲೂ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಲ್ಪಟ್ಟ ಒಂದು ಬೆಟ್ಟದ ಬದಿಯೂ ಕಾಣುತ್ತವೆ. ಉದ್ಯಾನದೊಳಗಿನ ರಸ್ತೆಯಲ್ಲಿ ಅರಣ್ಯ ಇಲಾಖೆಯ ತಪಾಸಣಾ ಠಾಣೆಯಲ್ಲಿ ಸಮಯ ಬರೆದ ಚೀಟಿ ಪಡೆದು ನಿಗದಿತ ಅವಧಿಯೊಳಗೆ ಇನ್ನೊಂದು ಠಾಣೆ ಮುಟ್ಟಬೇಕು. ನಡುವೆ ಕಂಡಕಂಡಲ್ಲಿ ಇಳಿಯುವಂತಿಲ್ಲ. ಹನುಮನಗುಂಡಿ ಜಲಪಾತದಲ್ಲಿ ಮಾತ್ರ ಟಿಕೆಟ್ ಕೊಂಡು ಮೆಟ್ಟಿಲಿಳಿದು ನೋಡುವ ವ್ಯವಸ್ಥೆಯಿದೆ. ಈ ಬಿಗಿಯನ್ನು ದೂರುವವರಿದ್ದಾರೆ. ಆದರೆ ಆ ರಸ್ತೆಯ ಅಂಚು ಇತರ ಘಾಟಿಗಳಿಗಿಂತ ಸ್ವಚ್ಛವಾಗಿ ಉಳಿದಿರುವುದು ಈ ಬಿಗಿಯಿಂದಲೇ.

ಶಿರಾಡಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸಕಲೇಶಪುರದಿಂದ ಕೆಂಪುಹೊಳೆಯ ಜೊತೆಜೊತೆಗೆ ಇಳಿಯುವ ಆ ಕಾಂಕ್ರೀಟು ಹೆದ್ದಾರಿ ಟ್ಯಾಂಕರುಗಳಿಗೂ ರಾತ್ರಿ ಬಸ್ಸುಗಳಿಗೂ ಸೇರಿದ್ದು, ನಿಧಾನವಾಗಿ ನೋಡುತ್ತ ಹೋಗುವವನಿಗೆ ಅಲ್ಲಿ ನೆಮ್ಮದಿಯಿಲ್ಲ. ಅಂಥವನು ಸಕಲೇಶಪುರದಿಂದ ಬಿಸಿಲೆಯ ಮೂಲಕ ಸುಬ್ರಹ್ಮಣ್ಯಕ್ಕೆ ಇಳಿಯುವುದು ಮೇಲು. ಬಿಸಿಲೆಯ ನೋಟದ ಕಟ್ಟೆಯಿಂದ ಕುಮಾರಪರ್ವತದ ಸಾಲು ಎದುರೆದುರೇ ನಿಲ್ಲುತ್ತದೆ.

ನಡೆಯುವ ಕಾಲ ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ ಆರಂಭವಾಗಿ ಜನವರಿಯವರೆಗೆ ಇರುತ್ತದೆ. ಅದಕ್ಕೆ ಮೊದಲು ಕಾಡಿನ ಜಾಡುಗಳಲ್ಲಿ ಉಂಬಳದ ಕಾಟ. ಉಂಬಳವೆಂದರೆ ನೆಲದ ಎಲೆಗಳ ಮೇಲೆ ಕಾದು ಕುಳಿತು ಕಾಲಿಗೆ ಹತ್ತುವ ಜಿಗಣೆ. ಅದು ಕಚ್ಚಿದ್ದೂ ತಿಳಿಯುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಅದು ಗಾಯಕ್ಕೆ ಬಿಡುವುದರಿಂದ ಉದುರಿದ ಮೇಲೂ ರಕ್ತ ಒಸರುತ್ತಲೇ ಇರುತ್ತದೆ. ಮಲೆನಾಡಿನವರು ತೋಟಕ್ಕೆ ಹೋಗುವಾಗ ಕಾಲಿಗೆ ಸುಣ್ಣ ಅಥವಾ ಹೊಗೆಸೊಪ್ಪಿನ ನೀರು ಸವರಿಕೊಳ್ಳುವುದು ಇದಕ್ಕಾಗಿ. ಉಂಬಳಕ್ಕಿಂತ ದೊಡ್ಡ ಅಪಾಯ ಜಾರುವ ಬಂಡೆಯದ್ದು ಮತ್ತು ತೊರೆಯದ್ದು. ತೊರೆಯ ಬುಡದಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆಗೆ ನೀರು ಕೆಲವೇ ನಿಮಿಷಗಳಲ್ಲಿ ಏರಿ ದಾಟಿ ಬಂದ ದಾರಿಯನ್ನೇ ಮುಚ್ಚಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ ಕಡ್ಡಿಗಳು ತೇಲಿಬಂದರೆ ಆ ಕ್ಷಣವೇ ದಡ ಹತ್ತಬೇಕು. ಫೆಬ್ರವರಿಯಿಂದಾಚೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವುದರಿಂದ ಅರಣ್ಯ ಇಲಾಖೆ ಬೇಸಗೆಯಲ್ಲಿ ಚಾರಣಗಳನ್ನು ನಿಲ್ಲಿಸುವುದುಂಟು.

ಈ ನಾಲ್ಕು ತಿಂಗಳ ಅವಧಿಯಲ್ಲಿ ಮೂರು ಬೆಟ್ಟಗಳು ಮೂರು ಬಗೆಯ ನಡಿಗೆಯನ್ನು ಕೊಡುತ್ತವೆ. ಸುಮಾರು 1,930 ಮೀಟರ್ ಎತ್ತರದ, ರಾಜ್ಯದ ಅತ್ಯುನ್ನತ ಶಿಖರವಾದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ರಸ್ತೆ ಬಹುತೇಕ ನೆತ್ತಿಯವರೆಗೆ ಹೋಗುತ್ತದೆ, ಉಳಿದುದು ಮೆಟ್ಟಿಲುಗಳಷ್ಟೇ. ನಡಿಗೆಯ ಅಭ್ಯಾಸವಿಲ್ಲದ ಹಿರಿಯರಿಗೂ ಅದು ಎಟುಕುತ್ತದೆ, ಆದುದರಿಂದಲೇ ಅಲ್ಲಿ ವಾಹನಗಳ ನೂಕುನುಗ್ಗಲು. 12 ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿ 2022ರಲ್ಲಿ ಈ ಗಿರಿಶ್ರೇಣಿಯ ಇಳಿಜಾರುಗಳಲ್ಲಿ ಹೂಬಿಟ್ಟಾಗ ಕಿರಿದಾದ ಆ ರಸ್ತೆಯ ತಾಳಿಕೆ ಎಷ್ಟೆಂಬುದು ಎಲ್ಲರಿಗೂ ಗೊತ್ತಾಯಿತು. ಕುದುರೆಮುಖ ಶಿಖರದ ಚಾರಣ ಕಳಸದ ಸಮೀಪದ ಮುಳ್ಳೋಡಿಯಿಂದ ಹೊರಡುತ್ತದೆ. ಹೋಗಿ ಬರಲು ಒಂದು ಇಡೀ ಹಗಲು ಬೇಕು, ಶೋಲೆಯ ನೆರಳು ಮತ್ತು ಹುಲ್ಲಿನ ಬಯಲು ಸರದಿಯಂತೆ ಬರುತ್ತವೆ, ಏರು ಹದವಾಗಿದೆ. ಸುಬ್ರಹ್ಮಣ್ಯದಿಂದ ಹತ್ತುವ 1,712 ಮೀಟರ್ ಎತ್ತರದ ಕುಮಾರಪರ್ವತ ಮಾತ್ರ ಕಾಲಿನ ಬಲವನ್ನು ನಿಜವಾಗಿ ಪರೀಕ್ಷಿಸುವ ಬೆಟ್ಟ, ಏಕೆಂದರೆ ಕರಾವಳಿಯ ಮಟ್ಟಕ್ಕೆ ಹತ್ತಿರವಾದ ಊರಿನಿಂದ ಹೊರಟು ಪೂರ್ತಿ ಎತ್ತರವನ್ನು ಕಾಲಿನಲ್ಲೇ ಗಳಿಸಬೇಕು. 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಈ ಬೆಟ್ಟದ ಜಾಡಿನಲ್ಲಿ ನೆರೆದ ಜನಜಂಗುಳಿಯನ್ನು ಕಂಡ ಮೇಲೆ ಸರ್ಕಾರ ಚಾರಣಗಳನ್ನು ತಡೆದು, ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಮುಂಗಡ ಟಿಕೆಟ್ ಪಡೆಯುವ ಪದ್ಧತಿಯನ್ನು ತಂದಿತು. ಒಂದು ಜಾಡಿಗೆ ದಿನಕ್ಕೆ ಗರಿಷ್ಠ 300 ಜನ ಎಂಬುದು ಆಗ ಗೊತ್ತುಪಡಿಸಿದ ಮಿತಿ. ಮೀಸಲು ಅರಣ್ಯದ ಬಾಗಿಲಲ್ಲಿ ಹೀಗೆ ಎಣಿಕೆ ಇರಬೇಕೆಂಬುದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಹೊಳೆಯ ಆಟಗಳಿಗೆ ಇರುವ ಕಾಲಗಣನೆ ಬೇರೆ. ರಬ್ಬರಿನ ತೆಪ್ಪದಲ್ಲಿ ನೊರೆಯುಕ್ಕುವ ಇಳಿಹೊಳೆಯನ್ನು ದಾಟುವ ರ‍್ಯಾಫ್ಟಿಂಗ್‌ನಲ್ಲಿ ಹೊಳೆಯ ಬಿರುಸನ್ನು 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. 1 ಎಂದರೆ ಶಾಂತ ನೀರು, 6 ಎಂದರೆ ಬಹುತೇಕ ದಾಟಲಾಗದ್ದು. ಕೊಡಗಿನ ದಕ್ಷಿಣದ ಬರಪೊಳೆಯಲ್ಲಿಯೂ ಆಗುಂಬೆಯ ಕೆಳಗಿನ ಸೀತಾನದಿಯಲ್ಲಿಯೂ ಮಳೆಗಾಲದಲ್ಲಿ ಮಾತ್ರ ತೆಪ್ಪ ಇಳಿಯುತ್ತದೆ, ಮಳೆ ಮುಗಿದರೆ ಬಂಡೆಗಳು ತಲೆಯೆತ್ತುತ್ತವೆ. ದಾಂಡೇಲಿಯ ಬಳಿಯ ಕಾಳಿ ನದಿಯಲ್ಲಿ ಇದು ತಲೆಕೆಳಗು: ಅಲ್ಲಿ ಮಳೆ ಕಳೆದ ಮೇಲೆಯೇ ಆಟ ಶುರುವಾಗುತ್ತದೆ, ಏಕೆಂದರೆ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ಬಿಡುವ ನೀರು ಗಣೇಶಗುಡಿಯ ಆಸುಪಾಸಿನ ಇಳುಕಲುಗಳನ್ನು ಬೇಸಗೆಯಲ್ಲೂ ತುಂಬಿ ಹರಿಸುತ್ತದೆ. ನೀರಿಗಿಳಿಯಲು ಮನಸ್ಸಿಲ್ಲದವರಿಗೆ ಅದೇ ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ವಸತಿತಾಣವಿದೆ. ಅಣೆಕಟ್ಟೆ ಕಟ್ಟುವಾಗ ಸಿಡಿಮದ್ದು ಇಡಲು ಬಳಸಿದ ಆ ಕಟ್ಟಡದ ಅಂಗಳದಲ್ಲಿ ಇರಿಸಿದ ನೀರಿನ ತಟ್ಟೆಗಳಿಗೆ ಸ್ನಾನಕ್ಕೆ ಬರುವ ಕಾಡುಹಕ್ಕಿಗಳನ್ನು ಮಾತಾಡದೆ ಒಂದು ಗಂಟೆ ಕುಳಿತವರು ಕೈಯಳತೆಯಲ್ಲಿ ನೋಡಬಹುದು. ಮಂಗಟ್ಟೆಗಳನ್ನು, ಅಂದರೆ ಭಾರೀ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿಗಳನ್ನು, ಕಾಣಲು ಕರ್ನಾಟಕದಲ್ಲಿ ದಾಂಡೇಲಿಗಿಂತ ಒಳ್ಳೆಯ ಜಾಗ ಹೆಚ್ಚಿಲ್ಲ.

ಘಾಟಿ ದಾರಿಯ ಮಂಗಗಳ ವಿಚಾರವನ್ನೂ ಇಲ್ಲಿ ಹೇಳದಿರಲಾಗದು. ಆಗುಂಬೆ, ಚಾರ್ಮಾಡಿಗಳ ತಿರುವುಗಳಲ್ಲಿ ಗಾಡಿ ನಿಧಾನವಾದೊಡನೆ ಕಟ್ಟೆಯ ಮೇಲೆ ಸಾಲಾಗಿ ಕುಳಿತ ಮಂಗಗಳು ಕಿಟಕಿಯತ್ತ ಕೈಚಾಚುತ್ತವೆ. ಬಾಳೆಹಣ್ಣು, ಬಿಸ್ಕತ್ತು ಎಸೆದವರು ಪುಣ್ಯ ಮಾಡಿದೆವೆಂದು ಬಗೆಯುತ್ತಾರೆ. ಆ ಆಹಾರದ ಆಸೆಗೆ ಕಾಡಿನ ಹಣ್ಣು, ಚಿಗುರುಗಳನ್ನು ಬಿಟ್ಟು ರಸ್ತೆಗೆ ಬಂದು ನೆಲೆಸಿದ ಮಂಗಗಳು ಚಕ್ರಕ್ಕೆ ಸಿಕ್ಕು ಸಾಯುತ್ತವೆ, ಅವುಗಳ ಮರಿಗಳು ಕಾಡಿನಲ್ಲಿ ಮೇವು ಹುಡುಕುವುದನ್ನು ಕಲಿಯುವುದೇ ಇಲ್ಲ. ಎಸೆದ ಪ್ಲಾಸ್ಟಿಕ್ ಚೀಲ ಕಾಟಿ, ಕಡವೆಗಳ ಹೊಟ್ಟೆ ಸೇರುತ್ತದೆ, ಒಡೆದ ಬಾಟಲಿ ಅವುಗಳ ಗೊರಸಿಗೆ ಚುಚ್ಚುತ್ತದೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ 10 ಕರ್ನಾಟಕದಲ್ಲಿವೆ. ಆಗುಂಬೆ, ಸೋಮೇಶ್ವರ, ಕುದುರೆಮುಖ, ಪುಷ್ಪಗಿರಿಗಳು ಅವುಗಳಲ್ಲಿ ಸೇರಿವೆ ಎಂಬುದನ್ನು ಕಿಟಕಿಯಿಂದ ಕೈ ಹೊರಚಾಚುವ ಮುನ್ನ ನೆನೆದರೆ ಸಾಕು.

ಮಳೆಗಾಲದಲ್ಲಿ ಘಾಟಿಗೆ ಹೊರಡುವವರು ಆಯಾ ಜಿಲ್ಲಾಡಳಿತದ ಆ ದಿನದ ಪ್ರಕಟಣೆಯನ್ನು ಮನೆಯಲ್ಲೇ ನೋಡಿಕೊಳ್ಳಲಿ. ಸಂಚಾರ ನಿಷೇಧದ ಆದೇಶ ಬೆಳಗ್ಗೆ ಒಂದು ಇದ್ದರೆ ಸಂಜೆ ಇನ್ನೊಂದು ಇರುವುದುಂಟು. ಘಾಟಿಯ ತಲೆಯ ಮೇಲಿನ ಊರಿನಲ್ಲಿ, ಅದು ಕೊಟ್ಟಿಗೆಹಾರವಾಗಲಿ ಆಗುಂಬೆಯಾಗಲಿ, ಗಾಡಿ ನಿಲ್ಲಿಸಿ ಹೋಟೆಲಿನವರನ್ನೋ ಕೆಳಗಿನಿಂದ ಆಗಷ್ಟೇ ಬಂದ ಬಸ್ಸಿನ ಚಾಲಕರನ್ನೋ ದಾರಿ ಹೇಗಿದೆ ಎಂದು ಒಂದು ಮಾತು ಕೇಳಲಿ. ಇಳಿಯಬೇಡಿ ಎಂದು ಅವರು ಹೇಳಿದರೆ ಆ ರಾತ್ರಿ ಮೇಲೆಯೇ ಉಳಿದು ಬೆಳಗಾದ ಮೇಲೆ ಇಳಿಯಲಿ.